ಹಳೆಯ ಕಾರು, ಹೊಸ ಸಾಲ

ನಮ್ಮೂರ ಬೈಪಾಸ್ ರಸ್ತೆಯ ಎರಡು ಬದಿಗೂ ಹಳೆಯ ಕಾರು ಮಾರುವ ಅಂಗಡಿಗಳು ಎದ್ದಿವೆ. ಪಾಳಿ ಮುಗಿಸಿ ಬರುವ ಗಿರಣಿಯವರು, ಅಂಗಡಿಗೆ ಬೀಗ ಹಾಕಿ ಮನೆಗೆ ಹೊರಟ ವ್ಯಾಪಾರಿಗಳು ಅಲ್ಲೊಂದು ಗಳಿಗೆ ನಿಂತು ನೋಡಿಯೇ ಹೋಗುತ್ತಾರೆ. ಹಿಂದೆ ಡಿಕ್ಕಿ ಇರುವ ಉದ್ದನೆಯ ಕಾರು, ಸೆಡಾನ್ ಎನ್ನುತ್ತಾರಲ್ಲ, ಅದು ಎರಡೂವರೆ, ಮೂರು ಲಕ್ಷಕ್ಕೆ ಸಿಗುತ್ತದೆಂದರೆ ಯಾರಿಗೆ ಆಸೆಯಾಗದು? ದುಡಿಯುವವರಿಗೆ ಕಾರೇಕೆ ಎಂದು ಜರಿಯುವ ದೊಡ್ಡ ಮನುಷ್ಯರೂ ಉಂಟು. ರಾತ್ರಿ ಹನ್ನೊಂದಕ್ಕೆ ತಾಯಿಗೆ ಎದೆನೋವು ಬಂದಾಗ ಅವರು ಬಸ್ಸಿಗೆ ಕಾಯುತ್ತಾರೆಯೆ? ಕಾರು ಬೇಕೆನ್ನುವುದರಲ್ಲಿ ತಪ್ಪೇನೂ ಇಲ್ಲ. ತಪ್ಪಿರುವುದು ಗಾಜಿನ ಮೇಲೆ ಬರೆದಿಟ್ಟ ಬೆಲೆಯಲ್ಲಿ. ಅದು ಕಾರಿನ ಪೂರ್ತಿ ಬೆಲೆಯೆಂದು ನಂಬಿದವನು ಕೆಟ್ಟ.

ಸಂತೆಯಿಂದ ಸಂತೆಗೆ ಪಾತ್ರೆ ಮಾರುವ ಸ್ನೇಹಿತರೊಬ್ಬರ ಜೊತೆ ಇಂಥದೊಂದು ಅಂಗಡಿಗೆ ನಾನೂ ಹೋಗಿದ್ದೆ. ಡೀಸೆಲ್ ಕಾರು, 2,80,000 ರೂಪಾಯಿ, ಮೀಟರಿನಲ್ಲಿ 68,000 ಕಿಲೋಮೀಟರು. ಕೈಯಲ್ಲಿದ್ದ 80,000 ಕೊಟ್ಟು ಉಳಿದ ಎರಡು ಲಕ್ಷಕ್ಕೆ ಅಂಗಡಿಯವನೇ ಮಾಡಿಸಿಕೊಟ್ಟ ಸಾಲದ ಕಾಗದಕ್ಕೆ ಅವರು ರುಜು ಹಾಕಿದರು. ಶಾಲೆಯಲ್ಲಿ ಲೆಕ್ಕ ಕಲಿಸಿದ ನಾನು ಪಕ್ಕದಲ್ಲೇ ಕೂತು ಚಹಾ ಕುಡಿದೆ. ಈಗಲೂ ಆ ನಾಚಿಕೆ ಹೋಗಿಲ್ಲ.

ಏಕೆಂದರೆ ಆ ಲೆಕ್ಕ ನೋಡಿ. ಬಡ್ಡಿ ‘ಫ್ಲಾಟ್ 12’ ಎಂದರು. ಎರಡು ಲಕ್ಷಕ್ಕೆ ವರ್ಷಕ್ಕೆ 24,000, ಮೂರು ವರ್ಷಕ್ಕೆ 72,000. ಅಸಲು ಸೇರಿಸಿ 36 ಕಂತು ಮಾಡಿದರೆ ತಿಂಗಳಿಗೆ 7,556. ಆದರೆ ತಿಂಗಳು ತಿಂಗಳೂ ಅಸಲು ತೀರುತ್ತಾ ಬರುತ್ತದಲ್ಲವೆ? ತೀರಿದ ಅಸಲಿಗೂ ಕೊನೆಯ ತಿಂಗಳವರೆಗೆ ಬಡ್ಡಿ ಕಟ್ಟಿಸಿಕೊಳ್ಳುವುದೇ ಈ ಫ್ಲಾಟ್. ಉಳಿದ ಅಸಲಿನ ಮೇಲೆ ಮಾತ್ರ ಬಡ್ಡಿ ಹಾಕುವ ಬ್ಯಾಂಕಿನ ಕ್ರಮದಲ್ಲಿ ಇದೇ ಕಂತನ್ನು ಅಳೆದರೆ ದರ ನೂರಕ್ಕೆ 21ನ್ನು ದಾಟುತ್ತದೆ. ಹನ್ನೆರಡೆಂದು ಹೇಳಿ ಇಪ್ಪತ್ತೊಂದು ವಸೂಲು ಮಾಡುವುದಕ್ಕೆ ಹಳ್ಳಿಯ ಬಡ್ಡಿ ಸಾಹುಕಾರನೂ ಸ್ವಲ್ಪ ಹಿಂಜರಿದಾನು.

ಇನ್ನು ರಿಪೇರಿ. ಎರಡನೇ ತಿಂಗಳಲ್ಲಿ ಏರು ಹತ್ತುವಾಗ ಎಂಜಿನು ಅರಚತೊಡಗಿತು, ಕಾರು ಮುಂದೆ ಹೋಗಲೊಲ್ಲದು. ಕ್ಲಚ್ ಸೆಟ್ಟಿಗೆ 9,800. ಹೊಂಡ ಸಿಕ್ಕಿದಾಗಲೆಲ್ಲ ಮುಂದೆ ಕಟಕಟ ಸದ್ದು. ಬುಷ್, ಲೋವರ್ ಆರ್ಮ್, ಶಾಕ್ ಅಬ್ಸಾರ್ಬರಿಗೆ 12,500. ನಾಲ್ಕು ಟೈರು 17,600, ಬ್ಯಾಟರಿ 5,200. ಮಳೆಗಾಲದಲ್ಲಿ ಕರಿಹೊಗೆ ಕಾರತೊಡಗಿ ಇಂಜೆಕ್ಟರುಗಳ ಕೆಲಸಕ್ಕೆ 24,000 ಹೋಯಿತು. ಒಟ್ಟು 69,100. ಹನ್ನೆರಡು ಕಂತು ಸೇರಿಸಿದರೆ ಡೀಸೆಲ್ಲು, ವಿಮೆ ಬಿಟ್ಟೇ ಮೊದಲ ವರ್ಷದಲ್ಲಿ 1,59,772 ರೂಪಾಯಿ. ಪಾತ್ರೆಯ ಮೂಟೆ ಹೋಗುವುದು ಗೂಡ್ಸ್ ಆಟೋದಲ್ಲಿ. ಕಾರು ಹೊರಗೆ ಬಂದದ್ದು ಮದುವೆ, ಆಸ್ಪತ್ರೆ, ದೇವಸ್ಥಾನವೆಂದು ಹೆಚ್ಚೆಂದರೆ ನಲವತ್ತು ದಿನ. ದಿನಕ್ಕೆ 4,000 ಬಿತ್ತು. ಕಾರಾದರೂ ಉಳಿಯಿತಲ್ಲ ಎನ್ನಬಹುದು. ಉಳಿಯಿತು, ಒಂದು ವರ್ಷ ಹಳತಾಗಿ, ಇನ್ನೂ 24 ಕಂತು ಹೊತ್ತುಕೊಂಡು.

ಕಡೆಗೆ ಕಂಪನಿಯ ಸರ್ವಿಸ್ ಕೇಂದ್ರದಲ್ಲಿ ನಂಬರು ಕೊಟ್ಟು ವಿಚಾರಿಸಿದರೆ, ಮಾರಾಟಕ್ಕೆ ಎರಡು ವರ್ಷ ಮೊದಲೇ ಅದು 1,40,000 ಕಿಲೋಮೀಟರು ಓಡಿತ್ತು. ಮೀಟರನ್ನು ಯಾರೋ ಹಿಂದಕ್ಕೆ ತಿರುಗಿಸಿದ್ದರು. ಈ ವಿಚಾರಣೆಯನ್ನು ಹಣ ಕೊಡುವ ಮುಂಚೆ ಮಾಡಬೇಕಿತ್ತು.

ಹಳೆಯ ಕಾರುಗಳೆಲ್ಲ ಕೆಟ್ಟವೆಂದು ನಾನು ಹೇಳುತ್ತಿಲ್ಲ. ನಮ್ಮ ಕಡೆ ಬಹಳ ಕೈ ಬದಲಾಗುವ ಎಂಜಿನೊಂದನ್ನೇ ತೆಗೆದುಕೊಳ್ಳಿ. ಫಿಯೆಟ್ ಕಂಪನಿ ರೂಪಿಸಿದ 1248 ಸಿ.ಸಿ. ಡೀಸೆಲ್ ಎಂಜಿನು ಅದು. 2008ರಲ್ಲಿ ಬಂದ ಮಾರುತಿ ಡಿಜೈರಿನಲ್ಲಿ, ಟಾಟಾ ಮಾಂಜಾದಲ್ಲಿ, ಫಿಯೆಟ್ ಲಿನಿಯಾದಲ್ಲಿ ಒಂದೇ ಎಂಜಿನು ಇತ್ತು. 2020ರ ಏಪ್ರಿಲಿನಲ್ಲಿ ಮಾರುತಿಯವರು ಡೀಸೆಲ್ ಕಾರು ನಿಲ್ಲಿಸುವವರೆಗೆ ಲೆಕ್ಕವಿಲ್ಲದಷ್ಟು ಮನೆಗಳಿಗೆ, ಟ್ಯಾಕ್ಸಿ ಸ್ಟ್ಯಾಂಡುಗಳಿಗೆ ಅದು ಹೋಯಿತು. ಆಯಿಲನ್ನು ಹೊತ್ತಿಗೆ ಸರಿಯಾಗಿ ಬದಲಿಸಿದ್ದರೆ ಬಹುಕಾಲ ಬಾಳುವ ಎಂಜಿನೇ. ಬದಲಿಸದಿದ್ದರೆ? ಒಳಗಿನ ಟೈಮಿಂಗ್ ಚೈನನ್ನು ಬಿಗಿಯಾಗಿ ಹಿಡಿದಿರುವುದು ಆಯಿಲಿನ ಒತ್ತಡ. ಆಯಿಲು ಕೆಟ್ಟಷ್ಟೂ ಚೈನು ಸವೆದು ಸಡಿಲವಾಗುತ್ತದೆ. ಬೆಳಗಿನ ಮೊದಲ ಸ್ಟಾರ್ಟಿಗೆ ಗಲಗಲ ಎನ್ನುತ್ತದೆ. ತುಂಡಾದರೆ ವಾಲ್ವುಗಳು ಪಿಸ್ಟನ್ನಿಗೆ ಬಡಿದು ಎಂಜಿನೇ ಬಿಚ್ಚಬೇಕು. ನಿಮಿಷಕ್ಕೆ ಲಕ್ಷಕ್ಕೂ ಮೀರಿ ಸುತ್ತುವ ಟರ್ಬೊಗೂ ಅದೇ ಆಯಿಲೇ ಆಧಾರ. ಮೊದಲ ಮಾಲೀಕ ಆಯಿಲಿನಲ್ಲಿ ಉಳಿಸಿದ ಎರಡು ಸಾವಿರವನ್ನು ಎರಡನೆಯವನು ಹತ್ತರಷ್ಟಾಗಿ ತೆರುತ್ತಾನೆ.

ಆದ್ದರಿಂದ ಕಾರು ನೋಡಲು ಹೋದಾಗ ಮೊದಲು ಬಾನೆಟ್ಟಿನ ಮೇಲೆ ಕೈಯಿಡಿ. ಬಿಸಿಯಾಗಿದ್ದರೆ ನೀವು ಬರುವ ಮುಂಚೆಯೇ ಸ್ಟಾರ್ಟ್ ಮಾಡಿ ಆ ಗಲಗಲ ಸದ್ದನ್ನು ಅಡಗಿಸಿದ್ದಾರೆಂದು ಸಂಶಯಪಡಿ. ನಾಳೆ ಬೆಳಿಗ್ಗೆ ಬರುತ್ತೇನೆಂದು ಹೇಳಿ ಎದ್ದುಬನ್ನಿ. ನೀಲಿ ಹೊಗೆ ಬಂದರೆ ಎಂಜಿನು ಆಯಿಲು ಕುಡಿಯುತ್ತಿದೆ. ಬಿಳಿ ಹೊಗೆ ನಿಲ್ಲದಿದ್ದರೆ, ಆಯಿಲ್ ಮುಚ್ಚಳದ ಒಳಗೆ ಮೊಸರಿನಂಥ ಲೇಪವಿದ್ದರೆ, ನೀರು ಒಳಗೆ ನುಗ್ಗಿರಬಹುದು, ಹೆಡ್ ಗ್ಯಾಸ್ಕೆಟ್ ಹೋಗಿರಬಹುದು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕೆ ಇರುತ್ತವೆ: 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು. ಮೀಟರು 60,000 ಎನ್ನುತ್ತಿದ್ದು ಕ್ಲಚ್ ಪೆಡಲಿನ ರಬ್ಬರು ನುಣ್ಣಗೆ ಸವೆದಿದ್ದರೆ ರಬ್ಬರನ್ನು ನಂಬಿ.

ಕಾಗದಪತ್ರದ ಖರ್ಚೂ ಇದೆ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ. ಈಗ 2012ರ ಕಾರು ಕೊಂಡರೆ 2027ರಲ್ಲಿ ತಪಾಸಣೆ ಮಾಡಿಸಿ ನವೀಕರಿಸಬೇಕು, ಆಮೇಲೆ ಐದೈದು ವರ್ಷಕ್ಕೊಮ್ಮೆ. 600 ರೂಪಾಯಿ ಇದ್ದ ನವೀಕರಣ ಶುಲ್ಕವನ್ನು 2022ರ ಏಪ್ರಿಲಿನಿಂದ 5,000 ಮಾಡಿದರು. 20 ವರ್ಷ ದಾಟಿದ ಕಾರಿಗೆ 2025ರ ಆಗಸ್ಟಿನಲ್ಲಿ 10,000 ಮಾಡಿದರು. ಹೊಗೆ ಉಗುಳುವ ವಾಹನ ರಸ್ತೆಯಿಂದ ಹೋಗಲಿ, ಒಪ್ಪೋಣ. ಆದರೆ ಚೆನ್ನಾಗಿ ನೋಡಿಕೊಂಡ ಕಾರಿಗೂ ಹೊಗೆಗೂಡಿಗೂ ಒಂದೇ ದಂಡವೆಂದರೆ ಅದು ಯಾವ ನ್ಯಾಯ? ಹೊಸದನ್ನು ಕೊಳ್ಳಲಾರದವನೇ ಹಳೆಯದನ್ನು ಇಟ್ಟುಕೊಳ್ಳುವುದು. ಹೊರರಾಜ್ಯದ ನಂಬರಿನ ಅಗ್ಗದ ಡೀಸೆಲ್ ಕಾರೆಂದರೆ ಇನ್ನೂ ಎಚ್ಚರ ಬೇಕು. 10 ವರ್ಷ ದಾಟಿದ ಡೀಸೆಲ್ ಕಾರು ದೆಹಲಿಯಲ್ಲಿ ಓಡಬಾರದೆಂದು 2018ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿದ ಮೇಲೆ ಅಲ್ಲಿಂದ ಕಾರುಗಳು ದಕ್ಷಿಣಕ್ಕೂ ಬಂದವು. ಇಲ್ಲಿಯ ಜೀವಾವಧಿ ತೆರಿಗೆ ಕಟ್ಟಿದ ಮೇಲೆ ಆ ಅಗ್ಗ ಎಷ್ಟು ಉಳಿಯುತ್ತದೆಂದು ಮೊದಲೇ ಕೂಡಿ ನೋಡಿ.

ಮಾರುವವರಿಗೂ ಒಂದು ಮಾತು. ಆರ್.ಸಿ.ಯಲ್ಲಿ ಹೆಸರು ಬದಲಾಗುವವರೆಗೆ ಅಪಘಾತದ ಪರಿಹಾರದ ಹೊಣೆ ಹೆಸರಿದ್ದವನದೇ ಎಂದು 2018ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಕಾರು ಕೊಟ್ಟೆ, ಹಣ ಬಂತು ಎಂದು ಸುಮ್ಮನಾಗಬೇಡಿ.

ಅಂಗಡಿಯವರ ಮೇಲೆ ಕಾನೂನು ಇಲ್ಲವೆಂದಲ್ಲ. 2023ರ ಏಪ್ರಿಲಿನಿಂದ ಜಾರಿಯಾದ ಕೇಂದ್ರದ ನಿಯಮದಂತೆ ಹಳೆಯ ವಾಹನ ಮಾರುವವರು ಸಾರಿಗೆ ಅಧಿಕಾರಿಯಿಂದ ಅಧಿಕಾರಪತ್ರ ಪಡೆದಿರಬೇಕು; ಕಾರನ್ನು ತಮ್ಮ ಸುಪರ್ದಿಗೆ ತೆಗೆದುಕೊಂಡದ್ದನ್ನು ಇಲಾಖೆಗೆ ತಿಳಿಸಿರಬೇಕು. ಆ ಅಧಿಕಾರಪತ್ರವನ್ನು ತೋರಿಸಿ ಎಂದು ಕೇಳುವವರು ಎಷ್ಟು ಜನ? ಅಧಿಕಾರಪತ್ರ ಇರುವವರ ಪಟ್ಟಿಯನ್ನು ಆರ್.ಟಿ.ಓ. ಕಚೇರಿಯ ಬಾಗಿಲಲ್ಲಿ ಎಲ್ಲರಿಗೂ ಕಾಣುವಂತೆ ಹಾಕಬೇಕು. ಕಾರು ಎಷ್ಟು ಓಡಿದೆ, ಅಪಘಾತವಾಗಿದೆಯೆ, ಟ್ಯಾಕ್ಸಿಯಾಗಿತ್ತೆ ಎಂಬುದನ್ನು ಅಂಗಡಿಯವರು ರಸೀತಿಯ ಮೇಲೆಯೇ ಬರೆದು ರುಜು ಹಾಕಿ ಕೊಡಬೇಕು. ಕೊಡದವರಲ್ಲಿ ಕೊಳ್ಳುವುದಿಲ್ಲವೆಂದು ನಮ್ಮ ವರ್ತಕರ ಸಂಘ, ಗಿರಣಿಯವರ ಸಂಘ ನಿರ್ಣಯ ಮಾಡಿದರೆ ಒಂದು ತಿಂಗಳಲ್ಲಿ ಬೈಪಾಸ್ ರಸ್ತೆ ದಾರಿಗೆ ಬರುತ್ತದೆ. ಬರೆದುಕೊಟ್ಟದ್ದು ಸುಳ್ಳಾದರೆ ಜಿಲ್ಲಾ ಗ್ರಾಹಕರ ಆಯೋಗ ಇದೆ. 5 ಲಕ್ಷದವರೆಗಿನ ಖರೀದಿಯ ದೂರಿಗೆ ಅಲ್ಲಿ ಶುಲ್ಕವಿಲ್ಲ.

ನಮ್ಮ ಪಾತ್ರೆ ವ್ಯಾಪಾರಿಗಳ ಕೈಯಲ್ಲಿ ಅಂಥ ಬರಹವಿಲ್ಲ. ಸರ್ವಿಸ್ ಕೇಂದ್ರದ ಚೀಟಿ, ಕಾರು ಕೊಂಡ ದಿನ ಮೊಬೈಲಿನಲ್ಲಿ ತೆಗೆದ ಮೀಟರಿನ ಚಿತ್ರ, ಇವಿಷ್ಟೇ ಇವೆ. ಅವನ್ನೇ ಹಿಡಿದುಕೊಂಡು ಮುಂದಿನ ವಾರ ಆಯೋಗಕ್ಕೆ ಹೋಗುತ್ತಿದ್ದೇವೆ. ಇದೇ ರೀತಿ ಮೋಸಹೋದವರು ಊರಿನಲ್ಲಿ ಇನ್ನೂ ಇದ್ದರೆ ಕಾಗದಪತ್ರ ತೆಗೆದುಕೊಂಡು ಜೊತೆಗೆ ಬನ್ನಿ.