ಯಾರದು ಬಿಟ್ಟಿ?

ಎಲೆಕ್ಟ್ರಿಕ್ ಕಾರು ಹೊಗೆ ಉಗುಳೋದಿಲ್ಲ, ನಿಜ. ಅದಕ್ಕೇ ಕರ್ನಾಟಕ ಸರ್ಕಾರ 2024ರ ತನಕ ಎಷ್ಟೇ ದುಬಾರಿ ಎಲೆಕ್ಟ್ರಿಕ್ ಕಾರಿಗೂ ರಸ್ತೆ ತೆರಿಗೆ ಮಾಫಿ ಮಾಡಿತ್ತು. ಯಾರೂ ಅದನ್ನು ಬಿಟ್ಟಿ ಅನ್ನಲಿಲ್ಲ, ಪ್ರೋತ್ಸಾಹ ಅಂದರು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು, ಕೂಲಿಗೆ ಹೋಗೋ ನಮ್ಮ ಅವ್ವಂದಿರು ದುಡ್ಡು ಕೊಡದೆ ಸರ್ಕಾರಿ ಬಸ್ ಹತ್ತಿದ್ದೇ ತಡ, ಬಿಟ್ಟಿ ಅಂತ ಕೂಗೆದ್ದಿತು.

ನಾವು ಕೇಳ್ತೀವಿ: ಒಬ್ಬನೇ ಕೂತ ಕಾರು ಹಸಿರೋ, ಐವತ್ತು ಜನ ತುಂಬಿದ ಬಸ್ಸು ಹಸಿರೋ? ನಾವು ಹುಟ್ಟಿದಾಗಿನಿಂದ ನಡೆದವರು, ಬಸ್ಸಿನ ಬಾಗಿಲಿಗೆ ಜೋತುಬಿದ್ದವರು. ಗಾಳಿ ಕೆಡಿಸಿದವರು ನಾವಲ್ಲ. ಆದರೂ 2025ರಲ್ಲಿ ಬಸ್ ದರ ಶೇ. 15 ಏರಿತು, ಬೆಂಗಳೂರು ಮೆಟ್ರೋದ ಗರಿಷ್ಠ ದರ 60ರಿಂದ 90 ರೂಪಾಯಿ ಆಯಿತು.

ಹಸಿರು ಬೇಕಾದರೆ ಬಸ್ಸು ಹೆಚ್ಚಲಿ, ದರ ಇಳಿಯಲಿ. ಹಾಸ್ಟೆಲ್ ಗೆಳೆಯರೇ, ಮುಂದಿನ ಸಭೆಗೆ ಈ ಪ್ರಶ್ನೆ ಹೊತ್ತು ಬನ್ನಿ.