ದೆವ್ವದ ಅಹವಾಲು

ಭಯವು ಮನುಷ್ಯನಿಗೆ ಹುಟ್ಟಿನೊಡನೆಯೇ ಬಂದ ಭಾವ. ಭಯಪಡಿಸುವ ವಸ್ತುವಿನಿಂದ ದೂರ ಓಡುವುದು ಪ್ರಾಣಿಮಾತ್ರಕ್ಕೆ ಸಹಜವಾದ ಧರ್ಮ. ಆದರೆ ಮನುಷ್ಯನೊಬ್ಬನೇ ಭಯವನ್ನು ಮನೆಯೊಳಕ್ಕೆ ಕರೆದು, ಮಣೆ ಹಾಕಿ ಕೂರಿಸಿ, ಅದು ಹೇಳುವ ಮಾತನ್ನು ಕೇಳಬಲ್ಲ. ಮಳೆಗಾಲದ ರಾತ್ರಿ ಅಜ್ಜಿಯ ಸುತ್ತ ಕುಳಿತ ಮಕ್ಕಳು ಹುಣಿಸೆಮರದ ದೆವ್ವದ ಕಥೆಯನ್ನು ಕೇಳಿ ನಡುಗುತ್ತಾರೆ, ನಡುಗುತ್ತಲೇ ‘ಆಮೇಲೆ?’ ಎಂದು ಕೇಳುತ್ತಾರೆ. ಓಡಿಹೋಗುವ ಪ್ರಾಣಿಗೂ ಕುಳಿತು ಕೇಳುವ ಮಗುವಿಗೂ ಇರುವ ಅಂತರವೆಲ್ಲ ಈ ಒಂದು ಮಾತಿನಲ್ಲಿ ಅಡಗಿದೆ.

ಅಜ್ಜಿಯ ಜಗುಲಿಯಿಂದ ದೆವ್ವವು ಚಲನಚಿತ್ರದ ತೆರೆಯ ಮೇಲಕ್ಕೆ ಬಂದು ಬಹಳ ಕಾಲವಾಯಿತು. ಅಲ್ಲಿ ಅದಕ್ಕೆ ಪ್ರತಿಸ್ಪರ್ಧಿಗಳೂ ಹುಟ್ಟಿಕೊಂಡಿದ್ದಾರೆ. ಮುಖವಾಡ ತೊಟ್ಟ ಕೊಲೆಗಾರ, ರಕ್ತದ ಓಕುಳಿ, ಕಿವಿ ಬಿರಿಯುವ ಸದ್ದು ಇವೇ ಇಂದಿನ ಎಷ್ಟೋ ಭಯಾನಕ ಚಿತ್ರಗಳ ಬಂಡವಾಳ. ಆದರೂ ಜನ ಹಳೆಯ ಬಗೆಯ ದೆವ್ವದ ಕಥೆಗೆ ಮರಳಿ ಮರಳಿ ಬರುತ್ತಲೇ ಇದ್ದಾರೆ. ಇದಕ್ಕೆ ಕಾರಣವೇನು? ಹಳೆಯದರ ಮೇಲಿನ ಮೋಹವೆಂದು ಇದನ್ನು ತಳ್ಳಿಹಾಕುವುದು ಸುಲಭ. ಕಾರಣ ಅದಕ್ಕಿಂತ ಆಳವಾದುದು.

ಭರತಮುನಿಯ ನಾಟ್ಯಶಾಸ್ತ್ರವು ಎಂಟು ರಸಗಳನ್ನು ಹೇಳುತ್ತದೆ. ಅವುಗಳಲ್ಲಿ ಭಯಾನಕವೂ ಬೀಭತ್ಸವೂ ಬೇರೆ ಬೇರೆಯಾದುವು. ಭಯಾನಕಕ್ಕೆ ಭಯವು ಸ್ಥಾಯಿಭಾವ. ಬೀಭತ್ಸಕ್ಕೆ ಜುಗುಪ್ಸೆ, ಎಂದರೆ ಅಸಹ್ಯ. ಭಯಾನಕವನ್ನು ಹುಟ್ಟಿಸುವ ಕಾರಣಗಳಲ್ಲಿ ವಿಕೃತವಾದ ಧ್ವನಿ, ಪಿಶಾಚಾದಿಗಳ ದರ್ಶನ, ಪಾಳುಮನೆ, ಅರಣ್ಯ ಇವು ಸೇರಿವೆ. ದೆವ್ವದ ಚಿತ್ರಗಳ ಸಾಮಗ್ರಿಯೆಲ್ಲ ಅಂದೇ ಸಿದ್ಧವಾಗಿತ್ತೆಂದು ತೋರುತ್ತದೆ. ಕಾಶ್ಮೀರದ ಅಭಿನವಗುಪ್ತನು ಭಯಾನಕಕ್ಕೆ ಉದಾಹರಣೆಯಾಗಿ ಕಾಳಿದಾಸನ ಶಾಕುಂತಲದ ಆರಂಭದಲ್ಲಿ ಬರುವ ಜಿಂಕೆಯನ್ನು ಎತ್ತಿಕೊಂಡನು. ದುಷ್ಯಂತನ ಬಾಣಕ್ಕೆ ಹೆದರಿ, ಹಿಂದಿರುಗಿ ನೋಡುತ್ತ ಓಡುವ ಆ ಜಿಂಕೆಯನ್ನು ಕಂಡ ಸಹೃದಯನಿಗೆ ತನ್ನ ಪ್ರಾಣದ ಚಿಂತೆ ಇರುವುದಿಲ್ಲ. ಜಿಂಕೆಯ ಭಯವು ಅವನ ಹೃದಯದಲ್ಲಿ ಸಮಸ್ತ ಜೀವಿಗಳ ಭಯವಾಗಿ ಮಿಡಿಯುತ್ತದೆ. ಕಲೆಯಲ್ಲಿ ಭಯವು ರಸವಾಗುವುದು ಹೀಗೆ.

ಈ ಅಳತೆಗೋಲನ್ನು ಹಿಡಿದರೆ ಆಧುನಿಕ ಭಯಾನಕ ಚಿತ್ರಗಳ ಕೊರತೆ ಸ್ಪಷ್ಟವಾಗುತ್ತದೆ. 1978ರಲ್ಲಿ ಅಮೆರಿಕದಲ್ಲಿ ತೆರೆಕಂಡ ‘ಹ್ಯಾಲೋವೀನ್’ ಚಿತ್ರದಲ್ಲಿ ಬಿಳಿಯ ಮುಖವಾಡದ ಕೊಲೆಗಾರನೊಬ್ಬನಿದ್ದಾನೆ. ಅವನು ಏಕೆ ಕೊಲ್ಲುತ್ತಾನೆಂಬುದಕ್ಕೆ ಅವನನ್ನು ನೋಡಿಕೊಂಡಿದ್ದ ವೈದ್ಯನ ಬಳಿಯೂ ಉತ್ತರವಿಲ್ಲ. ಅವನು ಕೇವಲ ದುಷ್ಟತನದ ಮೂರ್ತಿ. ಆ ಚಿತ್ರ ಕುಶಲವಾದುದೇ. ಆದರೆ ಅದರ ಯಶಸ್ಸನ್ನು ಕಂಡು ಹಿಂದೆ ಬಂದ ಚಿತ್ರಗಳಲ್ಲಿ ಎಷ್ಟೋ ಅದರ ಸಂಯಮವನ್ನು ಬಿಟ್ಟು ಕೊಲೆಯ ಎಣಿಕೆಯನ್ನು ಮಾತ್ರ ಹೆಚ್ಚಿಸಿಕೊಂಡುವು. 2004ರಲ್ಲಿ ಬಂದ ‘ಸಾ’ ಎಂಬ ಚಿತ್ರವೂ ಅದರ ಮುಂದಿನ ಭಾಗಗಳೂ ಮನುಷ್ಯದೇಹಕ್ಕೆ ಒದಗುವ ಚಿತ್ರಹಿಂಸೆಯನ್ನೇ ಪ್ರದರ್ಶನದ ವಸ್ತುವಾಗಿಸಿದುವು. ಇಲ್ಲಿ ಭಯಾನಕವು ಹಿಂದೆ ಸರಿದು ಬೀಭತ್ಸವು ಮುಂದೆ ನಿಂತಿತು. ಇನ್ನು ಮೌನದ ನಡುವೆ ಒಮ್ಮೆಗೇ ಅಬ್ಬರಿಸುವ ಸದ್ದಿನ ತಂತ್ರ. ಅದಕ್ಕೆ ಬೆಚ್ಚುವುದು ದೇಹವೇ ಹೊರತು ಮನಸ್ಸಲ್ಲ. ಬೆನ್ನ ಹಿಂದೆ ಪಟಾಕಿ ಸಿಡಿದರೂ ಮನುಷ್ಯ ಹಾಗೆಯೇ ಬೆಚ್ಚುತ್ತಾನೆ; ಆದರೆ ಪಟಾಕಿಯನ್ನು ಯಾರೂ ಕಥೆಯೆನ್ನುವುದಿಲ್ಲ.

ಹಳೆಯ ದೆವ್ವದ ರೀತಿಯೇ ಬೇರೆ. ಅದು ಸುಮ್ಮನೆ ಬರುವುದಿಲ್ಲ. ಅದಕ್ಕೊಂದು ಅಹವಾಲು ಇರುತ್ತದೆ. ಯಾರೋ ಮಾಡಿದ ಅನ್ಯಾಯ, ಯಾರೋ ತೀರಿಸದ ಋಣ, ಯಾರೋ ಕೊಟ್ಟು ಮರೆತ ಮಾತು, ಇವುಗಳಲ್ಲಿ ಒಂದನ್ನು ಹೊತ್ತು ಅದು ಬದುಕಿದವರ ಬಾಗಿಲಿಗೆ ಬರುತ್ತದೆ. ಷೇಕ್ಸ್‌ಪಿಯರನ ‘ಹ್ಯಾಮ್ಲೆಟ್’ ನಾಟಕದಲ್ಲಿ ತಂದೆಯ ಪ್ರೇತವು ಬರುವುದು ಕೊಲೆಯ ಸತ್ಯವನ್ನು ಮಗನಿಗೆ ತಿಳಿಸುವುದಕ್ಕೆ. ಭಾರತೀಯರಿಗೆ ಚಿರಪರಿಚಿತನಾದ ಬೇತಾಳನಂತೂ ರಾಜನ ಹೆಗಲೇರಿ ಕಥೆ ಹೇಳಿ, ಕಥೆಯ ತುದಿಯಲ್ಲಿ ನ್ಯಾಯದ ಪ್ರಶ್ನೆಯನ್ನು ಕೇಳುತ್ತಾನೆ. 1985ರಲ್ಲಿ ರಮಾನಂದ ಸಾಗರರು ಈ ಕಥೆಗಳನ್ನು ದೂರದರ್ಶನಕ್ಕೆ ಅಳವಡಿಸಿದಾಗ ದೇಶದ ಮಕ್ಕಳು ಕಾದು ಕುಳಿತು ನೋಡಿದರು. ಬೇತಾಳನ ನಗುವಿಗೆ ಅವರು ಹೆದರಿದ್ದು ನಿಜ. ಆದರೆ ಹೆದರಿಕೆ ಇಳಿದ ಮೇಲೂ ಮನಸ್ಸಿನಲ್ಲಿ ಉಳಿದದ್ದು ಅವನ ಪ್ರಶ್ನೆ.

ಈ ಮಾತಿಗೆ ಮಲಯಾಳದ ‘ಭಾರ್ಗವೀ ನಿಲಯಂ’ ಚಿತ್ರಕ್ಕಿಂತ ಸೊಗಸಾದ ನಿದರ್ಶನ ದೊರೆಯುವುದು ಕಷ್ಟ. ವೈಕಂ ಮುಹಮ್ಮದ್ ಬಷೀರರು ತಮ್ಮ ‘ನೀಲವೆಳಿಚ್ಚಂ’ ಎಂಬ ಕಥೆಯನ್ನು ಆಧರಿಸಿ ತಾವೇ ಚಿತ್ರಕಥೆಯನ್ನು ಬರೆದರು, ಎ. ವಿನ್ಸೆಂಟರು ನಿರ್ದೇಶಿಸಿದರು. ಚಿತ್ರ ತೆರೆಕಂಡದ್ದು 1964ರಲ್ಲಿ. ಪಾಳುಬಿದ್ದ ಮನೆಯೊಂದಕ್ಕೆ ಬಡ ಸಾಹಿತಿಯೊಬ್ಬನು ಬಾಡಿಗೆಗೆ ಬರುತ್ತಾನೆ. ಆ ಮನೆಯ ಬಾವಿಗೆ ಬಿದ್ದು ಸತ್ತ ಭಾರ್ಗವಿ ಎಂಬ ಯುವತಿಯ ಪ್ರೇತ ಅಲ್ಲಿ ವಾಸವಾಗಿದೆಯೆಂದು ಊರೆಲ್ಲ ನಂಬಿದೆ. ಸಾಹಿತಿ ಮಂತ್ರವಾದಿಯನ್ನು ಕರೆಸುವುದಿಲ್ಲ, ಗಂಟುಮೂಟೆ ಕಟ್ಟಿ ಓಡುವುದೂ ಇಲ್ಲ. ಮನೆಗೆ ಮೊದಲೇ ಬಂದವರೊಡನೆ ಹೊಸಬನು ಮಾತನಾಡುವಂತೆ, ಕಣ್ಣಿಗೆ ಕಾಣದ ಭಾರ್ಗವಿಯೊಡನೆ ಸೌಜನ್ಯದಿಂದ ಮಾತನಾಡುತ್ತಾನೆ. ಕ್ರಮೇಣ ಅವಳ ಬಾಳಿನ ಕಥೆಯನ್ನೇ ಬರೆಯತೊಡಗುತ್ತಾನೆ. ಬರೆಯುತ್ತ ಹೋದಂತೆ ಸತ್ಯ ಹೊರಬೀಳುತ್ತದೆ. ಭಾರ್ಗವಿ ಆತ್ಮಹತ್ಯೆ ಮಾಡಿಕೊಂಡವಳಲ್ಲ. ಅವಳನ್ನೂ ಅವಳ ಪ್ರಿಯಕರನನ್ನೂ ಕೊಂದವನು ಊರಿನಲ್ಲಿ ನಿರಾತಂಕವಾಗಿ ಬದುಕಿದ್ದಾನೆ. ಊರಿನ ಜನ ಹೆದರಬೇಕಾದದ್ದು ಸತ್ತ ಹುಡುಗಿಗಲ್ಲ, ಬದುಕಿರುವ ಕೊಲೆಗಾರನಿಗೆ ಎಂಬುದು ಪ್ರೇಕ್ಷಕನಿಗೆ ಅರಿವಾಗುವ ಹೊತ್ತಿಗೆ ಅವನ ಭಯವು ಕರುಣೆಯಾಗಿ ತಿರುಗಿರುತ್ತದೆ.

ಜಪಾನಿನ ‘ಉಗೆತ್ಸು’ ಚಿತ್ರದಲ್ಲಿ ಇದೇ ಕರುಣೆ ಮತ್ತೊಂದು ಬಗೆಯಾಗಿ ಒಡಮೂಡಿದೆ. 1776ರಲ್ಲಿ ಪ್ರಕಟವಾದ ಉಯೆದಾ ಅಕಿನಾರಿಯ ಪ್ರೇತಕಥೆಗಳ ಸಂಕಲನವನ್ನು ಆಧರಿಸಿ ಕೆಂಜಿ ಮಿಜೋಗುಚಿ 1953ರಲ್ಲಿ ಇದನ್ನು ನಿರ್ಮಿಸಿದನು. ಅಂತರ್ಯುದ್ಧದ ಕಾಲದಲ್ಲಿ ಕುಂಬಾರನೊಬ್ಬನು ಹಣದಾಸೆಯಿಂದ ಹೆಂಡತಿ ಮಕ್ಕಳನ್ನು ಬಿಟ್ಟು ಪಟ್ಟಣಕ್ಕೆ ಹೋಗಿ, ಅಲ್ಲಿ ಶ್ರೀಮಂತ ಯುವತಿಯ ರೂಪದ ಪ್ರೇತವೊಂದರ ಮೋಹಕ್ಕೆ ಸಿಲುಕುತ್ತಾನೆ. ಎಚ್ಚೆತ್ತು ಮನೆಗೆ ಮರಳಿದಾಗ ಮನೆ ಕತ್ತಲಾಗಿದೆ, ಒಲೆ ಆರಿದೆ. ಹೆಂಡತಿಯನ್ನು ಕೂಗುತ್ತ ಅವನು ಹಿಂಬಾಗಿಲಿನಿಂದ ಹೊರಬಿದ್ದು ಮನೆಯನ್ನು ಸುತ್ತಿ ಬರುತ್ತಾನೆ. ದೃಶ್ಯ ಕಡಿಯದೆ, ಕ್ಯಾಮೆರಾ ಮನೆಯೊಳಗಿಂದಲೇ ಅವನನ್ನು ಹಿಂಬಾಲಿಸುತ್ತದೆ. ಅವನು ಮತ್ತೆ ಒಳಗೆ ಕಾಲಿಟ್ಟಾಗ ಒಲೆ ಉರಿಯುತ್ತಿದೆ. ಹೆಂಡತಿ ಒಲೆಯ ಮುಂದೆ ಕುಳಿತಿದ್ದಾಳೆ. ಬೈಗುಳವಿಲ್ಲ, ದೂರಿಲ್ಲ. ಗಂಡನನ್ನು ಉಪಚರಿಸಿ ಮಲಗಿಸುತ್ತಾಳೆ. ಅವಳು ಸೈನಿಕರ ಈಟಿಗೆ ಎಂದೋ ಬಲಿಯಾದಳೆಂಬುದು ಅವನಿಗೆ ತಿಳಿಯುವುದು ಬೆಳಗಾದ ಮೇಲೆ. ಅಲ್ಲಿ ಕಿರುಚಾಟವಿಲ್ಲ, ರಕ್ತವಿಲ್ಲ. ಆರಿದ ಒಲೆ ಮತ್ತೆ ಉರಿದುದಷ್ಟೇ ಅಲ್ಲಿನ ಪವಾಡ. ಆದರೆ ಅದನ್ನು ಕಂಡವರು ತಮ್ಮ ಮನೆಯವರನ್ನು ಮರೆತು ದುಡಿಮೆಯ ಹಿಂದೆ ಓಡುವಾಗಲೆಲ್ಲ ಆ ಒಲೆಯನ್ನು ನೆನೆದಾರು.

ಹಳೆಯ ಕಥೆಗಳ ಇನ್ನೊಂದು ಗುಣವೆಂದರೆ ಮಿತವ್ಯಯ. ಅವು ತೋರಿಸುವುದಕ್ಕಿಂತ ಮುಚ್ಚಿಡುವುದು ಹೆಚ್ಚು. ಅಮೆರಿಕದ ರಾಬರ್ಟ್ ವೈಸ್ 1963ರಲ್ಲಿ ನಿರ್ದೇಶಿಸಿದ ‘ದಿ ಹಾಂಟಿಂಗ್’ ಚಿತ್ರದಲ್ಲಿ ದೆವ್ವವು ಕಣ್ಣಿಗೆ ಕಾಣಿಸಿಕೊಳ್ಳುವುದೇ ಇಲ್ಲ. ಬಾಗಿಲನ್ನು ಗುದ್ದುವ ಸದ್ದು ಕೇಳಿಸುತ್ತದೆ. ಮರದ ಬಾಗಿಲು ಉಸಿರೆಳೆದಂತೆ ಒಳಕ್ಕೆ ಉಬ್ಬುತ್ತದೆ. ಆಚೆ ಏನಿದೆಯೆಂಬುದನ್ನು ಪ್ರೇಕ್ಷಕನೇ ಊಹಿಸಿಕೊಳ್ಳಬೇಕು. ಸತ್ಯಜಿತ್ ರಾಯ್ ಅವರು ರವೀಂದ್ರನಾಥ ಠಾಕೂರರ ಶತಮಾನೋತ್ಸವದ ವರ್ಷವಾದ 1961ರಲ್ಲಿ ‘ತೀನ್ ಕನ್ಯಾ’ ಚಿತ್ರದ ಒಂದು ಭಾಗವಾಗಿ ‘ಮಣಿಹಾರಾ’ ಕಥೆಯನ್ನು ತೆರೆಗೆ ತಂದರು. ಗಂಡನ ಪ್ರೀತಿಗಿಂತ ಒಡವೆಯನ್ನೇ ನಂಬಿದ ಹೆಂಡತಿಯೊಬ್ಬಳ ಕಥೆ ಅದು. ಕೊನೆಯಲ್ಲಿ ಬಳೆ ತೊಟ್ಟ ಅಸ್ಥಿಪಂಜರದ ಕೈಯೊಂದು ಒಡವೆಯ ಪೆಟ್ಟಿಗೆಗೆ ಎರಗುತ್ತದೆ. ಆ ಕ್ಷಣಮಾತ್ರದ ನೋಟಕ್ಕಾಗಿ ಇಡೀ ಕಥೆ ತಾಳ್ಮೆಯಿಂದ ಸಿದ್ಧತೆ ನಡೆಸಿರುತ್ತದೆ. ಚಿತ್ರಕಾರನು ಅರ್ಧ ಬರೆದು ಬಿಟ್ಟುದನ್ನು ನೋಡುವವನ ಕಲ್ಪನೆ ತುಂಬಿಕೊಳ್ಳುತ್ತದೆ. ಎಲ್ಲವನ್ನೂ ಬಿಚ್ಚಿ ತೋರಿಸಿದ ಮೇಲೆ ಕಲ್ಪನೆಗೆ ಕೆಲಸವೆಲ್ಲಿ?

ಹೊಸದೆಲ್ಲ ಕೀಳೆಂದೂ ಹಳೆಯದೆಲ್ಲ ಮೇಲೆಂದೂ ಇದರ ಅರ್ಥವಲ್ಲ. ಜೋರ್ಡನ್ ಪೀಲ್ ಅವರ ‘ಗೆಟ್ ಔಟ್’ (2017) ಹೊಸ ಕಾಲದ ಭಯಾನಕ ಚಿತ್ರವೇ. ಆದರೆ ಅದರ ಭಯದ ಹಿಂದೆ ವರ್ಣಭೇದದ ನೋವಿದೆ. ಆದಕಾರಣವೇ ಅದು ನೋಡುಗರ ಮನಸ್ಸಿನಲ್ಲಿ ನಿಲ್ಲುತ್ತದೆ. ಹಳೆಯ ದೆವ್ವದ ಅಹವಾಲನ್ನು ಅದು ಹೊಸ ಭಾಷೆಯಲ್ಲಿ ಮುಂದಿಟ್ಟಿದೆಯೆನ್ನಬಹುದು. ಅಂತೆಯೇ ಅಹವಾಲಿಲ್ಲದ, ಬರಿಯ ಬಿಳಿಸೀರೆ ಉಟ್ಟ ಹಳೆಯ ದೆವ್ವಗಳೂ ತೆರೆಯ ಮೇಲೆ ಕಡಿಮೆಯಿಲ್ಲ.

ಇಲ್ಲಿ ಒಂದು ಆಕ್ಷೇಪಣೆಗೆ ಉತ್ತರ ಹೇಳಬೇಕಾಗಿದೆ. ದೆವ್ವದ ಕಥೆಗಳು ಮೂಢನಂಬಿಕೆಗೆ ನೀರೆರೆಯುವುದಿಲ್ಲವೆ? ಈ ಆಕ್ಷೇಪಣೆ ಹಗುರವಾದುದಲ್ಲ. ದೆವ್ವ ಬಿಡಿಸುವ ನೆಪದಲ್ಲಿ ಮನೋರೋಗಿಗಳನ್ನು, ಅದರಲ್ಲಿಯೂ ಹೆಂಗಸರನ್ನು, ಹೊಡೆದು ಹಿಂಸಿಸಿದ ಪ್ರಸಂಗಗಳು ನಾಡಿನಲ್ಲಿ ನಡೆದಿವೆ. ಇಂಥ ಅಮಾನವೀಯ ಆಚರಣೆಗಳನ್ನು ತಡೆಯಲೆಂದೇ ಕರ್ನಾಟಕದ ವಿಧಾನಮಂಡಲವು 2017ರಲ್ಲಿ ಕಾಯಿದೆಯನ್ನು ಅಂಗೀಕರಿಸಿತು. ದೆವ್ವವಿದೆಯೆಂದು ನಂಬಿ ನೆರೆಯವಳನ್ನು ಹೊಡೆಯುವುದು ಅಪರಾಧ. ಆದರೆ ದೆವ್ವವಿಲ್ಲವೆಂದು ತಿಳಿದೂ ದೆವ್ವದ ಕಥೆಯನ್ನು ಸವಿಯುವುದು ಸಂಸ್ಕಾರ. ಮಾತನಾಡುವ ನರಿಯಿಲ್ಲವೆಂದು ತಿಳಿದವರೂ ಪಂಚತಂತ್ರವನ್ನು ಓದುತ್ತಾರೆ. ಕಥೆಯ ಸತ್ಯಕ್ಕೂ ಲೋಕದ ಸತ್ಯಕ್ಕೂ ಇರುವ ಭೇದವನ್ನು ಅರಿಯುವುದೇ ವಿವೇಕ. ಮೇಲಾಗಿ, ಒಳ್ಳೆಯ ಪ್ರೇತಕಥೆಯು ಮೂಢನಂಬಿಕೆಯ ಬೇರನ್ನೇ ಅಲುಗಿಸಬಲ್ಲುದು. ಊರು ಯಾರನ್ನು ಪಿಶಾಚಿಯೆಂದು ದೂರಿತೋ ಅವಳ ಮೇಲೆ ಊರೇ ಮಾಡಿದ ಅನ್ಯಾಯವೇನೆಂದು ಅದು ವಿಚಾರಿಸುತ್ತದೆ.

ಕನ್ನಡ ನಾಡಿನಿಂದಲೇ ಹೊರಟ ಒಂದು ಸಂಗತಿ ಇದಕ್ಕೆ ಸಾಕ್ಷಿ. 1990ರ ದಶಕದಲ್ಲಿ ಕರ್ನಾಟಕದ ಹಲವು ಊರುಗಳಲ್ಲಿ ಮನೆಯ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುವ ವಾಡಿಕೆ ಹಬ್ಬಿತ್ತು. ರಾತ್ರಿ ಬಂದು ಬಾಗಿಲು ತಟ್ಟುವ ದೆವ್ವವು ಆ ಬರಹವನ್ನು ಓದಿ ಹಿಂದಿರುಗುವುದೆಂದೂ, ಮರುದಿನವೂ ಅದನ್ನೇ ಓದಿ ಮತ್ತೆ ಹಿಂದಿರುಗುವುದೆಂದೂ ಜನರ ನಂಬಿಕೆ. ಈ ವದಂತಿಯಿಂದ ಪ್ರೇರಣೆ ಪಡೆದ ಹಿಂದಿಯ ‘ಸ್ತ್ರೀ’ ಚಿತ್ರ 2018ರಲ್ಲಿ ಬಂದು ಅಪಾರ ಜನಪ್ರಿಯತೆ ಗಳಿಸಿತು. ಕಥೆ ನಡೆಯುವುದು ಮಧ್ಯಪ್ರದೇಶದ ಚಂದೇರಿಯಲ್ಲಿ. ಹಾಸ್ಯವೇ ಹೆಚ್ಚಾಗಿರುವ ಆ ಚಿತ್ರದಲ್ಲಿಯೂ ದೆವ್ವಕ್ಕೆ ಅಹವಾಲಿದೆ. ಅವಳು ಹಿಂದೆ ಆ ಊರಿನವರ ಕ್ರೌರ್ಯಕ್ಕೆ ಬಲಿಯಾದ ಹೆಣ್ಣು. ಅವಳು ಬಯಸಿದ್ದು ಪ್ರೀತಿಯನ್ನು ಮತ್ತು ಗೌರವವನ್ನು. ಕೊನೆಗೆ ಊರಿನವರು ಗೋಡೆಯ ಬರಹವನ್ನು ಬದಲಿಸಿ, ಯಾರನ್ನು ನಾಳೆ ಬರಹೇಳಿ ಕಳುಹಿಸುತ್ತಿದ್ದರೋ ಅವಳನ್ನೇ ತಮ್ಮನ್ನು ಕಾಪಾಡೆಂದು ಬೇಡಿಕೊಳ್ಳುತ್ತಾರೆ.

‘ನಾಳೆ ಬಾ’ ಎಂಬ ಈ ಬರಹದಲ್ಲಿ ಜನರು ಅರಿಯದೆಯೇ ಬರೆದ ಒಂದು ಸತ್ಯವಿದೆ. ದೆವ್ವಕ್ಕೆ ಹೀಗೆ ಹೇಳಿ ಕಳುಹಿಸುವ ಲೋಕವು ನ್ಯಾಯ ಕೇಳಿ ಬಂದ ಜೀವಂತ ಮನುಷ್ಯರಿಗೂ ಎಷ್ಟೋ ಬಾರಿ ಇದೇ ಮಾತನ್ನು ಹೇಳಿ ಕಳುಹಿಸುತ್ತದೆ. ಹಾಗೆ ಹಿಂದಕ್ಕೆ ಹೋದ ನ್ಯಾಯವೇ ರಾತ್ರಿಯ ವೇಳೆ ಕಥೆಯಾಗಿ ಮರಳಿ ಬಂದು ಬಾಗಿಲು ತಟ್ಟುತ್ತದೆ. ಮುಖವಾಡದ ಕೊಲೆಗಾರನು ನೋಡುಗನಿಂದ ಕೇಳುವುದು ಒಂದು ಕಿರುಚಾಟವನ್ನು ಮಾತ್ರ. ದೀಪ ಹತ್ತಿದೊಡನೆ ಅವನ ಕೆಲಸ ಮುಗಿಯಿತು. ಹಳೆಯ ದೆವ್ವವು ಕೇಳುವುದು ಉತ್ತರವನ್ನು. ಆ ಉತ್ತರವನ್ನು ಹಗಲಿನ ಬೆಳಕಿನಲ್ಲಿ, ಬದುಕಿರುವವರ ನಡುವೆ, ಬದುಕಿರುವವರೇ ಕೊಡಬೇಕಾಗಿದೆ.