ಗಡುವಿನ ದಿನದ ನೂಕುನುಗ್ಗಲು ಮೊದಲೇ ತಿಳಿಯದೆ?

ಬಜಾಜ್ ನಗರದ ಕನ್ನಡ ಮನೆಗಳಲ್ಲಿ ಇನ್ಫೋಸಿಸ್ ಹೆಸರೆತ್ತಿದರೆ ಎದೆಯುಬ್ಬುತ್ತದೆ. 1981ರಲ್ಲಿ ಅದು ಹುಟ್ಟಿದ್ದು ಪುಣೆಯಲ್ಲಾದರೂ ಬೆಂಗಳೂರಿನದೆಂದೇ ಮರಾಠಿ ನೆರೆಯವರೊಡನೆ ವಾದ ಹೂಡುತ್ತೇವೆ. ಹೂಡೋಣ. ಆದರೆ ಅಭಿಮಾನದ ಶಾಲು ಹೊದಿಸಿ ತಪ್ಪನ್ನು ಮುಚ್ಚುವುದು ನಮಗೆ ಒಪ್ಪಿಗೆಯಿಲ್ಲ.

ಅದು ಕಟ್ಟಿಕೊಟ್ಟ ಆದಾಯ ತೆರಿಗೆಯ ಹೊಸ ಜಾಲತಾಣ 2021ರ ಜೂನ್ 7ರಂದು ತೆರೆಯಿತು. ಮರುದಿನವೇ ಅರ್ಥಸಚಿವೆ ಬಹಿರಂಗವಾಗಿ ದೂರಬೇಕಾಯಿತು. ಆಗಸ್ಟ್ 21, 22ರಂದು ತಾಣ ಬಾಗಿಲೇ ಹಾಕಿತು. 23ರಂದು ಕಂಪನಿಯ ಮುಖ್ಯಸ್ಥರನ್ನು ದೆಹಲಿಗೆ ಕರೆಸಿ ವಿವರಣೆ ಕೇಳಿದರು.

“ಇಷ್ಟು ದೊಡ್ಡ ಕೆಲಸ, ನಡೆಸಿ ನೋಡದೆ ಹೇಗೆ ತಿಳಿದೀತು?” ಎಂದು ನಮ್ಮವರೇ ಸಮಜಾಯಿಷಿ ಕೊಡುವುದುಂಟು. ತಿಳಿಯುತ್ತದೆ ಸ್ವಾಮಿ, ಬಿ.ಎಸ್ಸಿ. ಗಣಿತವೇ ಸಾಕು! ಗುಮಾಸ್ತನೊಬ್ಬ ಗಂಟೆಗೆ ಸರಾಸರಿ ಹತ್ತು ಜನರ ಕೆಲಸ ಮುಗಿಸಬಲ್ಲ, ಒಬ್ಬರದು ಬೇಗ, ಇನ್ನೊಬ್ಬರದು ತಡ ಎನ್ನಿ. ಗಂಟೆಗೆ ಸರಾಸರಿ ಐದು ಜನ ತೋಚಿದಾಗ ಬಂದರೆ, ಬಂದವನು ಹಿಂದಿರುಗಲು ಸರಾಸರಿ 12 ನಿಮಿಷ. ಒಂಬತ್ತು ಜನ ಬಂದರೆ? ಇಪ್ಪತ್ತು ಎನ್ನುವಿರಿ. ಲೆಕ್ಕ ಹೇಳುವುದು ಒಂದು ಗಂಟೆ! ಹತ್ತಾದರೆ ಸರತಿ ಬೆಳೆಯುತ್ತಲೇ ಹೋಗುತ್ತದೆ. ಡೆನ್ಮಾರ್ಕಿನ ಎರ್ಲಾಂಗ್ 1909ರಲ್ಲೇ ಟೆಲಿಫೋನ್ ಕರೆಗಳಿಗಾಗಿ ಈ ಶಾಸ್ತ್ರಕ್ಕೆ ತಳಹದಿ ಹಾಕಿದ. ಕೌಂಟರಿನಲ್ಲಿ ಕೂರುವ ನಮ್ಮಂಥವರಿಗಂತೂ ಎರ್ಲಾಂಗನೂ ಬೇಕಿಲ್ಲ.

ಜಾಲತಾಣದಲ್ಲಿ ಕೌಂಟರು ಒಂದೇ ಅಲ್ಲ. ಪ್ಯಾನ್, ಆಧಾರ್, ಬ್ಯಾಂಕು ಎಂದು ದೂರದೂರದ ಯಂತ್ರಗಳು ಒಂದರ ಕೈಗೊಂದು ಕಡತ ದಾಟಿಸಬೇಕು. ಅಂಥ ಐದು ಮೇಜುಗಳಲ್ಲಿ ಪ್ರತಿಯೊಂದೂ ನೂರಕ್ಕೆ 99 ಸಲ ಸರಿಯಿದ್ದರೂ, ಐದನ್ನೂ ದಾಟಿ ಹೊರಬರುವುದು ನೂರಕ್ಕೆ 95 ಮಾತ್ರ. ಆದ್ದರಿಂದ ನಕ್ಷೆ ಬರೆಯುವಾಗಲೇ ಪ್ರತಿ ಮೇಜಿನ ವೇಗವನ್ನೂ ಬರುವ ಜನರನ್ನೂ ಅಂದಾಜು ಮಾಡಿ, ಸರತಿ ಎಲ್ಲಿ ಬೆಳೆಯುವುದೆಂದು ಕಂಡುಕೊಳ್ಳಬೇಕು. ಕೆಲಸ ಸಾಗಿದಂತೆ ಮತ್ತೆ ಅಳೆದು ಅಂದಾಜನ್ನು ತಿದ್ದಬೇಕು. ನಾಲ್ವರಿಗೆ ಮಾಡಿದ ಬಿಸಿಬೇಳೆ ಭಾತ್ ರುಚಿಯಾಯಿತೆಂದು ರಾಜ್ಯೋತ್ಸವದ ನಾನೂರು ಎಲೆಗಳನ್ನು ಒಪ್ಪಿಕೊಳ್ಳುವ ಅಡುಗೆಯವನನ್ನು ನಮ್ಮ ಸಂಘ ಕರೆಸೀತೆ?

ಜನಸಂದಣಿ ಊಹಿಸಲಾಗದೆಂಬ ನೆಪವೂ ನಿಲ್ಲದು. ಊರ ಜಾತ್ರೆಯಂತೆ ಗಡುವು ವರ್ಷವರ್ಷವೂ ಬರುತ್ತದೆ. 2021ರಲ್ಲಿ ಅದನ್ನು ಡಿಸೆಂಬರ್ 31ಕ್ಕೆ ಮುಂದೂಡಿದರೂ ಆ ಒಂದೇ ದಿನ 46.11 ಲಕ್ಷ ರಿಟರ್ನುಗಳು ಬಂದವು. 2022ರ ಜುಲೈ 31ರಂದು 72.42 ಲಕ್ಷ, ತಾಣ ಅಷ್ಟನ್ನೂ ತೆಗೆದುಕೊಂಡಿತು. ಹಾಗಾದರೆ ಆಗದ ಕೆಲಸವೇನಲ್ಲ!

2019ರ ಜನವರಿಯಲ್ಲಿ ಕೇಂದ್ರ ಸಂಪುಟ ಈ ಯೋಜನೆಗೆ ಒಪ್ಪಿದ ವೆಚ್ಚ 4,241.97 ಕೋಟಿ ರೂಪಾಯಿ. ಸೇತುವೆಯ ಗುತ್ತಿಗೆದಾರ ಭಾರದ ಲೆಕ್ಕ ತೋರಿಸದೆ ಕಲ್ಲಿಡುವಂತಿಲ್ಲ. ತಂತ್ರಾಂಶದ ಗುತ್ತಿಗೆದಾರನಿಗೇಕೆ ರಿಯಾಯಿತಿ? ಲೆಕ್ಕ ಮಾಡಿದ್ದರೆ ಜನರ ಮುಂದಿಡಲಿ. ನಮ್ಮ ಮಕ್ಕಳನೇಕರು ಇದೇ ವೃತ್ತಿಯಲ್ಲಿದ್ದಾರೆ. ದೀಪಾವಳಿಗೆ ಬಂದಾಗ, ಕಟ್ಟುವ ಮುನ್ನ ಈ ಲೆಕ್ಕ ಹಾಕುತ್ತೀರಾ ಎಂದು ನೀವೇ ಕೇಳಿ ನೋಡಿ.